ರೈಟ್, ಮುಂದಿನ ಪುಟ!

ಈ ಸಂಗತಿಯನ್ನು ಬರೆಯಬೇಕೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಪೆನ್ನು ಸಿಕ್ಕ ದಿನ ಕನ್ನಡಕ ಸಿಗಲಿಲ್ಲ. ಎರಡೂ ಸಿಕ್ಕ ದಿನ ಧೈರ್ಯ ಸಿಗಲಿಲ್ಲ. ಇವತ್ತು ಭಾನುವಾರ, ಮನೆಯಲ್ಲಿ ಯಾರೂ ಇಲ್ಲ, ಹಾಗಾಗಿ ಧೈರ್ಯವೂ ಬಂದಿದೆ. ಈ ಪ್ರಕರಣದಲ್ಲಿ ನನ್ನಿಂದ ನೊಂದವರು ಒಟ್ಟು ಐದು ಜನ. ನಾಲ್ವರ ಕ್ಷಮೆ ಕೇಳಿ ಆಗಿದೆ. ಒಬ್ಬರು ಉಳಿದಿದ್ದಾರೆ.

ನಾನು ರುದ್ರಪ್ಪ. ಶಿಕಾರಿಪುರದಿಂದ ಸೊರಬಕ್ಕೆ ಓಡುತ್ತಿದ್ದ ಖಾಸಗಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವನು. ಎಸ್ಸೆಸ್ಸೆಲ್ಸಿ ಪಾಸು, ಅದೂ ಒಂದೇ ಸಲಕ್ಕೆ. ನಮ್ಮ ಕಾಲದ ಎಸ್ಸೆಸ್ಸೆಲ್ಸಿ ಈಗಿನ ಎಂ.ಎ.ಗೆ ಸಮ ಎಂದು ಎಲ್ಲರಿಗೂ ಹೇಳಿದ್ದೇನೆ. ಬೇರೆ ಯಾರೂ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಮೊಮ್ಮಗಳು ಸಾನ್ವಿ ಆಗ ಒಂದನೇ ತರಗತಿ. ಅಕ್ಷರಗಳನ್ನು ಬಿಡಿಬಿಡಿಯಾಗಿ ಗುರುತಿಸುತ್ತಿದ್ದಳು. ಸೇರಿಸಿ ಓದು ಎಂದರೆ ಫ್ಯಾನಿನ ಕಡೆ ನೋಡುತ್ತಿದ್ದಳು. ಶಾಲೆಯ ಡೈರಿಯಲ್ಲಿ ‘ಮನೆಯಲ್ಲಿ ಓದಿಸಿ’ ಎಂದು ಬರೆದು ಕಳಿಸಿದರು. ಸೊಸೆ ರೂಪಾ ಪಂಚಾಯ್ತಿ ಆಫೀಸಿನಲ್ಲಿ ಕೆಲಸ ಮಾಡುವವಳು, ಮಗ ಮಂಜುನಾಥ ಪಂಪ್‌ಸೆಟ್ ರಿಪೇರಿಯವನು. ಇಬ್ಬರೂ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ರೂಪಾ ಚಿಂತೆಗೆ ಬಿದ್ದು ಆರು ವರ್ಕ್‌ಬುಕ್ ತರಿಸಿದಳು. ಮೊಬೈಲಿನಲ್ಲಿ ಆನ್‌ಲೈನ್ ಪಾಠಕ್ಕೂ ಸೇರಿಸಿದಳು. ಕೂರಿಸಿಕೊಂಡು ಕಲಿಸುವವರು ಯಾರು ಎಂಬ ಪ್ರಶ್ನೆ ಬಂತು.

“ನಾನು ಸತ್ತಿಲ್ಲವಲ್ಲ!” ಎಂದೆ.

“ಮಾವ, ಒಂದೇ ಮಾತು” ಎಂದಳು ರೂಪಾ. “ನೀವು ಓದಿ ಹೇಳ್ಬ್ಯಾಡ್ರಿ. ಅವಳೇ ಬೆರಳಿಟ್ಟು ಓದ್ಲಿ. ತಡ ಆದ್ರೆ ಕಾಯ್ರಿ. ಪುಸ್ತಕದ ಮೊದ್ಲನೇ ಪುಟದಾಗೇ ಬರ್ದೈತಿ.”

“ಆತು ಬಿಡವ್ವ, ಕಾಯೋದೇನು ದೊಡ್ಡ ಕೆಲಸ?” ಎಂದೆ. ಕಂಡಕ್ಟರ್ ಆದವನು ಯಾರಿಗಾದರೂ ಕಾದದ್ದು ಉಂಟೇ!

ಮೊದಲ ಪಾಠ: ‘ಕಮಲ ಕೆರೆಗೆ ಹೋದಳು.’ ಕೂಸು ‘ಕ’ ಮೇಲೆ ಬೆರಳಿಟ್ಟಿತು. ಮೂಗು ತುರಿಸಿಕೊಂಡಿತು. “ಕ...” ಎಂದಿತು. ಮತ್ತೊಮ್ಮೆ ಮೂಗು ತುರಿಸಿಕೊಂಡಿತು. “ಮ...” ಎಂದಿತು. ಅಷ್ಟರಲ್ಲಿ ನಮ್ಮ ಬಸ್ಸು ಶಿರಾಳಕೊಪ್ಪ ದಾಟಿರುತ್ತಿತ್ತು.

“ಕಮಲ ಕೆರೆಗೆ ಹೋದಳು! ಹೇಳು!” ಎಂದೆ.

“ಕಮಲ ಕೆರೆಗೆ ಹೋದಳು.”

“ರೈಟ್! ಮುಂದಿನ ಪುಟ!”

ಹೀಗೆ ಮೊದಲ ವರ್ಕ್‌ಬುಕ್ ನಾಲ್ಕೇ ದಿನಕ್ಕೆ ಮುಗಿಯಿತು. ನಾನು ಒಮ್ಮೆ ಹೇಳಿದರೆ ಸಾಕು, ಮರುದಿನ ಪುಸ್ತಕ ಹಿಡಿದು ಗಡಗಡ ಒಪ್ಪಿಸುತ್ತಿದ್ದಳು. ಪ್ರತಿ ಪುಟದ ಕೊನೆಗೆ ತಾನೇ “ರೈಟ್!” ಎನ್ನುತ್ತಿದ್ದಳು. ನನ್ನ ಎದೆ ಉಬ್ಬಿತು. ನನ್ನ ಹೆಂಡತಿ ಪಾರ್ವತಿ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವಳೊಂದು ದಿನ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದಳು.

“ರೀ, ಕೂಸು ಪುಸ್ತಕ ತಲೆಕೆಳಗು ಹಿಡ್ಕಂಡು ಓದಾಕತ್ತೈತಲ್ರಿ!”

“ಜಾಣರು ಹಂಗೇ ಓದೋದು. ನಿಂಗೆ ನೆಟ್ಟಗೆ ಹಿಡಿದ್ರೂ ಬರಲ್ಲ” ಎಂದೆ.

ಆನ್‌ಲೈನ್ ಪಾಠದ ಕಥೆ ಇನ್ನೂ ಘೋರ. ಬೇಳೆ ಡಬ್ಬಕ್ಕೆ ಮೊಬೈಲು ಆನಿಸಿ ಕೂರುತ್ತಿದ್ದೆವು. ಪರದೆಯ ಮೇಲೆ ಒಂದು ಪದ, ಕೆಳಗೆ ಮೂರು ಚಿತ್ರ. ಸರಿಯಾದ ಚಿತ್ರ ಒತ್ತಿದರೆ ಒಂದು ನಕ್ಷತ್ರ ಬಂದು “ಶಹಬ್ಬಾಸ್ ಸಾನ್ವಿ!” ಎನ್ನುತ್ತಿತ್ತು. ಕೂಸು ಯೋಚಿಸುತ್ತಾ ಕೂತರೆ ನನ್ನ ಬೆರಳು ತಾನಾಗಿಯೇ ಮುಂದೆ ಹೋಗುತ್ತಿತ್ತು. ಶಹಬ್ಬಾಸ್! ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಯಾರೂ ಶಹಬ್ಬಾಸ್ ಅಂದಿರಲಿಲ್ಲ. ರುಚಿ ಹತ್ತಿಬಿಟ್ಟಿತು. ಕೂಸು ಶಾಲೆಗೆ ಹೋದ ಮೇಲೆ ನಾನೊಬ್ಬನೇ ಕೂತು ಅವಳ ಪಾಠ ಮಾಡತೊಡಗಿದೆ. ಅರವತ್ತೆಂಟನೇ ವಯಸ್ಸಿನಲ್ಲಿ ಒಂದನೇ ತರಗತಿಯನ್ನು ಎರಡನೇ ಸಲ ಪಾಸು ಮಾಡಿದೆ. ಸತ್ಯ ಹೇಳಬೇಕೆಂದರೆ ‘ಬಾತುಕೋಳಿ’ಯಲ್ಲಿ ಒಂದು ನಕ್ಷತ್ರ ಹೋಯಿತು. ಚಿತ್ರ ಸರಿ ಇರಲಿಲ್ಲ.

ಶನಿವಾರಕ್ಕೊಮ್ಮೆ ಶೈಲಜಾ ಟೀಚರ್ ಎಂಬವರು ಮೊಬೈಲಿನಲ್ಲೇ ಪ್ರತ್ಯಕ್ಷರಾಗಿ ಓದಿಸುತ್ತಿದ್ದರು. ನಾನು ಡಬ್ಬದ ಪಕ್ಕ ಕೂತು ಪಿಸುಗುಟ್ಟುತ್ತಿದ್ದೆ.

“ಅಜ್ಜಾ, ಸ್ವಲ್ಪ ಆಚೆ ಹೋಗ್ತೀರಾ? ನಿಮ್ಮ ಮೀಸೆ ಕಾಣ್ತಾ ಇದೆ” ಎಂದರು ಟೀಚರ್. ಸರಿದೆ. “ಈಗ ಕಿವಿ ಕಾಣ್ತಾ ಇದೆ” ಎಂದರು. ಆಮೇಲೆ ಮೆಲ್ಲಗೆ, “ಬೇಜಾರು ಮಾಡ್ಕೋಬೇಡಿ. ಮಗು ಓದ್ತಾ ಇಲ್ಲ, ಬಾಯಿಪಾಠ ಹೇಳ್ತಾ ಇದೆ. ಹೊಸ ವಾಕ್ಯ ಒಂದು ಕೊಟ್ಟು ನೋಡೋಣ್ವಾ?” ಎಂದರು.

“ಹಲೋ? ಹಲೋ? ನೆಟ್‌ವರ್ಕ್ ಇಲ್ರೀ!” ಎಂದು ಕೂಗಿ ಫೋನು ಆರಿಸಿದೆ. ನೆಟ್‌ವರ್ಕು ನಾಲ್ಕು ಗೀಟು ತುಂಬಿ ನಿಂತಿತ್ತು.

ಇಷ್ಟಕ್ಕೇ ನಿಂತಿದ್ದರೆ ಮನೆಯೊಳಗೆ ಮುಚ್ಚಿಹೋಗುತ್ತಿತ್ತು. ಆದರೆ ನಾನು ಕ್ಷೌರದಂಗಡಿಯಲ್ಲಿ ಬಡಾಯಿ ಕೊಚ್ಚಿದೆ, ಬಸ್ ಸ್ಟ್ಯಾಂಡಿನಲ್ಲಿ ಕೊಚ್ಚಿದೆ, ಕೊನೆಗೆ ಸೊರಬದಲ್ಲಿರುವ ಭಾವಮೈದನಿಗೆ ಫೋನು ಮಾಡಿ ಕೊಚ್ಚಿದೆ. ಅವನ ಮಗಳ ನಿಶ್ಚಿತಾರ್ಥ ಹತ್ತಿರ ಬಂದಿತ್ತು. ಗಂಡಿನ ಕಡೆಯವರು ಕುಬಟೂರಿನವರು. ನಿಶ್ಚಿತಾರ್ಥದ ದಿನ ಅಯ್ಯನವರು ಎಲ್ಲರೆದುರು ಲಗ್ನಪತ್ರಿಕೆ ಬರೆದು, ಅದನ್ನು ಗಟ್ಟಿಯಾಗಿ ಓದಿಸಬೇಕಲ್ಲ?

“ಈ ಸಲ ಲಗ್ನಪತ್ರಿಕೆ ಓದೋಳು ನನ್ನ ಮೊಮ್ಮಗಳು!” ಎಂದು ಘೋಷಿಸಿದೆ.

“ಆರು ವರ್ಷದ ಕೂಸು ಓದ್ತದಾ ಭಾವ? ನೋಡಿ ಮಾರಾಯ್ರೆ, ಬೀಗರ ಎದುರು...”

“ನೀನು ಮೈಕ್ ತರಿಸು!”

ತಯಾರಿಗೆಂದು ಟ್ರಂಕಿನಿಂದ ನನ್ನ ಮಗನ ಮದುವೆಯ ಹಳೇ ಲಗ್ನಪತ್ರಿಕೆ ತೆಗೆದೆ. ನಮೂನೆ ಎಲ್ಲಾ ಕಡೆ ಒಂದೇ, ಹೆಸರು ಮಾತ್ರ ಬೇರೆ. ಹೆಸರು ಬಂದಾಗ ಓದಿಕೊಳ್ಳುತ್ತಾಳೆ ಬಿಡು ಎಂಬುದು ನನ್ನ ಲೆಕ್ಕಾಚಾರ. ಎಂಟು ದಿನ ನಾನು ಸಾಲು ಸಾಲಾಗಿ ಹೇಳಿದೆ, ಅವಳು ಹೇಳಿದಳು. ನಡುವೆ ನನಗೆ ಕೆಮ್ಮು. ನಡುವೆ ಕನ್ನಡಕ ಹುಡುಕಾಟ. ನಡುವೆ ಪಾರ್ವತಿಯ ಜೊತೆ ಹೊಸ ಬೀಗರ ಬಗ್ಗೆ ಎರಡು ಮಾತು.

ಆ ದಿನ ಬಂತು. ಭಾವಮೈದನ ಮನೆ ಮುಂದೆ ಶಾಮಿಯಾನ, ತುಂಬ ಜನ. ಅಯ್ಯನವರು ಬರೆದು, ಮೂಲೆಗೆ ಅರಿಶಿನ ಹಚ್ಚಿ, ಹಾಳೆಯನ್ನು ಸಾನ್ವಿಯ ಕೈಗೆ ಕೊಟ್ಟರು. ಅವಳು ತಲೆಕೆಳಗು ಹಿಡಿದಳು. ಅಯ್ಯನವರೇ ನೆಟ್ಟಗೆ ತಿರುಗಿಸಿದರು. ನಾನು ಹೆಮ್ಮೆಯಿಂದ ಸುತ್ತ ನೋಡಿದೆ.

“ಶುಭಮಸ್ತು” ಎಂದು ಗಂಟೆ ಹೊಡೆದಂತೆ ಶುರುಮಾಡಿದಳು. ಜನ ತಲೆದೂಗಿದರು. “ಶಿಕಾರಿಪುರದ ಶ್ರೀ ರುದ್ರಪ್ಪನವರ ಪುತ್ರ ಚಿರಂಜೀವಿ ಮಂಜುನಾಥನಿಗೆ...”

ಗಂಡಿನ ಹೆಸರು ಪ್ರಶಾಂತ. ಪ್ರಶಾಂತ ಗಾಬರಿಯಾಗಿ ಅಪ್ಪನ ಮುಖ ನೋಡಿದ. ನನ್ನ ಮಗ ಹಿಂದಿನಿಂದ ಬಗ್ಗಿ, “ಅಪ್ಪಾ, ನನ್ನ ಮದುವಿ ಒಂದ್ಸಲ ಆಗೈತಿ, ಸಾಕು” ಎಂದ.

“ಖೊಕ್! ಖೊಕ್! ಖೊಕ್!” ಎಂದಿತು ಮೈಕು. ಕೂಸು ನನ್ನ ಹಾಗೆಯೇ ಎದೆ ಹಿಡಿದು ಕೆಮ್ಮಿತು. “ಲೇ ಪಾರ್ವತಿ, ನನ್ನ ಕನ್ನಡಕ ಎಲ್ಲಿಟ್ಟಿ? ರೈಟ್, ಮುಂದಿನ ಸಾಲು! ಸೌಭಾಗ್ಯವತಿ ರೂಪಾಳನ್ನು ಕೊಟ್ಟು...”

“ಇದು ನಾ ಬರ್ದಿದ್ದಲ್ಲ” ಎಂದರು ಅಯ್ಯನವರು.

ನಾನು ಎದ್ದು ಕೈ ಬೀಸಿದೆ. ಅವಳು ಅದನ್ನು ಮುಂದೆ ಹೋಗು ಎಂದು ತಿಳಿದಳು. ಕಂಡಕ್ಟರನ ಮೊಮ್ಮಗಳಲ್ಲವೇ!

“ಈ ಕುಬಟೂರಿನ ಬೀಗ ತಲೆಗೆ ಬಣ್ಣ ಹಚ್ಚಿ ಮೀಸೆ ಮರ್ತಾನ ನೋಡು. ಬೆಕ್ಕು ಹಾಲು ಕುಡಿದು ಬಂದಂಗೈತಿ! ರೈಟ್!”

ಇಡೀ ಶಾಮಿಯಾನ ಬೀಗರ ಕಡೆ ತಿರುಗಿತು. ತಲೆ ಕಾಡಿಗೆಯಷ್ಟು ಕಪ್ಪು. ಮೀಸೆ ಹಾಲಿನಷ್ಟು ಬಿಳುಪು. ಅವರ ಕೈ ಮೆಲ್ಲಗೆ ಮೀಸೆಯ ಮೇಲೆ ಹೋಯಿತು.

“ಭಾವಾ, ಇದೆಂಥದು ಮಾರಾಯ್ರೆ?” ಎಂದ ಭಾವಮೈದ. ಈಗ ಎಲ್ಲರೂ ನನ್ನನ್ನು ನೋಡುತ್ತಿದ್ದರು.

ಆ ಹೊತ್ತಿಗೆ ‘ತಪ್ಪು ನನ್ನದು’ ಎಂಬ ಎರಡು ಪದ ಸಾಕಾಗಿತ್ತು. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಆ ಎರಡು ಪದ ಹೊಳೆಯಲಿಲ್ಲ. ಬದಲಿಗೆ ಕೂಸಿನ ಕಡೆ ಬೆರಳು ತೋರಿಸಿ, “ಈ ಹುಡುಗಿ ಓದಾಕೆ ಬರ್ತತಿ ಅಂತ ಸುಳ್ಳು ಹೇಳಿ ನಂಗೆ ಮೋಸ ಮಾಡ್ಯಾಳ! ಸುಳ್ಳಿ!” ಎಂದು ಗುಡುಗಿದೆ.

ಸಾನ್ವಿ ಹಾಳೆ ಕೆಳಗಿಳಿಸಿದಳು. ಮೈಕು ಇನ್ನೂ ಆನ್ ಇತ್ತು.

“ನೀ ಹೇಳಿದಂಗೇ ಹೇಳೀನಿ ಅಜ್ಜ. ಒಂದೂ ಬಿಟ್ಟಿಲ್ಲ.”

ಮೊದಲು ನಕ್ಕವರು ಬೀಗರೇ. “ಕೂಸು ಹೇಳಿದ್ದು ಖರೇನೇ ಐತಿ ಬಿಡ್ರಿ” ಎಂದರು. ನಗು ಹಬ್ಬಿತು. ಅಯ್ಯನವರು ಪತ್ರಿಕೆಯನ್ನು ತಾವೇ ಓದಿದರು. ನಿಶ್ಚಿತಾರ್ಥ ಸುಗಮವಾಗಿ ನಡೆಯಿತು. ನಗದೆ ಇದ್ದವರು ಇಬ್ಬರೇ, ನಾನು ಮತ್ತು ಸಾನ್ವಿ. ವಾಪಸು ಬರುವ ಬಸ್ಸಿನಲ್ಲಿ ಅವಳು ಅಜ್ಜಿಯ ತೊಡೆಯ ಮೇಲೆ ಕೂತಳು, ನನ್ನ ಕಡೆ ತಿರುಗಲಿಲ್ಲ.

ಮರುದಿನದಿಂದ ಪುಸ್ತಕ ಮುಟ್ಟಲೊಲ್ಲಳು. ಆರೂ ವರ್ಕ್‌ಬುಕ್ ಮಂಚದ ಕೆಳಗೆ ತಳ್ಳಿದಳು. ಮೊಬೈಲು ತೆರೆದರೆ “ಸಾನ್ವಿ, ನೀನು ಮೂರನೇ ಹಂತದ ಚಾಂಪಿಯನ್!” ಎಂದಿತು. “ಅದು ಅಜ್ಜಂದು” ಎಂದು ಎದ್ದುಹೋದಳು. ರೂಪಾ ಮೊಬೈಲು ಆರಿಸಿ, ಬೇಳೆ ಡಬ್ಬವನ್ನು ಅಡುಗೆಮನೆಗೆ ಒಯ್ದಿಟ್ಟಳು. ಬೈದಿದ್ದರೆ ಒಳ್ಳೆಯದಿತ್ತು. ಶಾಲೆಯಿಂದ ಮತ್ತೆ ಡೈರಿ ಬಂತು: ‘ಓದು ಎಂದರೆ ಅಳುತ್ತಾಳೆ.’

ಕ್ಷಮಾಯಾತ್ರೆ ಹೊರಟೆ. ಸೊಸೆಯ ಕ್ಷಮೆ ಕೇಳಿದೆ. ಭಾವಮೈದನ ಕ್ಷಮೆ ಕೇಳಿದೆ. ಕುಬಟೂರಿಗೆ ಹೋದರೆ ಬೀಗರು ಮೀಸೆಗೂ ಬಣ್ಣ ಹಚ್ಚಿಕೊಂಡು ಕೂತಿದ್ದರು, ಹುಬ್ಬು ಮಾತ್ರ ಬಿಟ್ಟುಹೋಗಿತ್ತು. ಹುಬ್ಬಿನ ಸುದ್ದಿ ಎತ್ತದೆ ಕ್ಷಮೆ ಕೇಳಿ ಬಂದೆ. ಶನಿವಾರ ಶೈಲಜಾ ಟೀಚರ್ ಎದುರು ಪೂರ್ತಿ ಮುಖ ತೋರಿಸಿ ಕೈಮುಗಿದೆ. ಹೆಂಡತಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ, ಅವಳ ಕ್ಷಮೆ ಕೇಳುವುದು ದಿನಾ ಇದ್ದದ್ದೇ.

ಕೂಸಿಗೆ ಓದು ಕಲಿಸಿದವಳು ಆ ನಾಲ್ಕನೇ ಕ್ಲಾಸಿನ ಪಾರ್ವತಿ. “ಕೂಸೇ, ಕಣ್ಣು ಮಂಜು ಮಂಜು. ಈ ಪಾಕೀಟಿನ ಮ್ಯಾಲೆ ಏನು ಬರ್ದೈತಿ ನೋಡು” ಎನ್ನುವಳು. ಕೂಸು ಬೆರಳಿಟ್ಟು “ಉ... ಪ್ಪಿ... ಉಪ್ಪಿಟ್ಟು ರವೆ” ಎನ್ನುವವರೆಗೆ ಒಲೆ ಸಣ್ಣ ಮಾಡಿ ಕಾಯುವಳು. ಸಾಸಿವೆ ಸೀದರೂ ಕಾಯುವಳು! ಆಮೇಲೆ ಮಂಚದ ಕೆಳಗಿನ ವರ್ಕ್‌ಬುಕ್ ಒಂದೊಂದಾಗಿ ಹೊರಬಂದವು. ನಾನು ಜಗಲಿಯಲ್ಲಿ ಬಾಯಿ ತುಂಬ ಎಲೆಅಡಿಕೆ ತುಂಬಿಕೊಂಡು ಕೂರುತ್ತಿದ್ದೆ, ಉತ್ತರ ಹೊರಗೆ ಬರದಿರಲಿ ಎಂದು. ಆ ಮಳೆಗಾಲದಲ್ಲಿ ನನ್ನ ಹಲ್ಲುಗಳು ಕೆಂಪಾದಷ್ಟು ಎಂದೂ ಆಗಿರಲಿಲ್ಲ.

ಈಗ ಅವಳು ಮೂರನೇ ತರಗತಿ. ಬಸ್ಸಿನ ಬೋರ್ಡಿನಿಂದ ಔಷಧಿ ಚೀಟಿವರೆಗೆ ಸಿಕ್ಕಿದ್ದೆಲ್ಲ ಓದುತ್ತಾಳೆ. ನನ್ನ ಶುಗರ್ ರಿಪೋರ್ಟು ಓದಿ ಜಿಲೇಬಿ ತಟ್ಟೆ ಎತ್ತಿಟ್ಟವಳೂ ಅವಳೇ. ಆದರೂ ನಾನು ಪಕ್ಕ ಬಂದು ಕೂತರೆ ಮಾತ್ರ ದನಿ ತಗ್ಗಿಸುತ್ತಾಳೆ, ಪುಸ್ತಕ ಮುಚ್ಚುತ್ತಾಳೆ. ಮೊನ್ನೆ ಕ್ಷಮೆ ಕೇಳಲೆಂದೇ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಗಂಟಲು ಸರಿಮಾಡಿಕೊಂಡೆ. “ಅಜ್ಜ, ಕೆಮ್ಮಾಕತ್ತೀಯೋ, ಮಾತಾಡಾಕತ್ತೀಯೋ?” ಎಂದಳು. ಐಸ್‌ಕ್ರೀಮ್ ಕೊಡಿಸಿ ಕರೆದುಕೊಂಡು ಬಂದೆ.

ಅದಕ್ಕೇ ದಪ್ಪ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಈ ಹಾಳೆಗಳನ್ನು ಅವಳ ಪುಸ್ತಕದ ಚೀಲದ ಮೇಲಿಟ್ಟು, ಬಾಯಿಗೆ ಎಲೆಅಡಿಕೆ ಹಾಕಿಕೊಂಡು ಹಿತ್ತಲಿಗೆ ಹೋಗುತ್ತೇನೆ. ಅವಳೇ ಬೆರಳಿಟ್ಟು ಓದಲಿ. ಎಷ್ಟು ಹೊತ್ತಾದರೂ ಕಾಯುತ್ತೇನೆ. ಇವತ್ತು ರೈಟ್ ಹೇಳುವ ಅಧಿಕಾರ ನನ್ನದಲ್ಲ. ಅದು ನಿನ್ನದು, ಸಾನ್ವಿ.