ಮಾವನ ಪಂಪು, ಅತ್ತೆಯ ನಗು

ನಮ್ಮ ಸೋದರಮಾವನಿಗೆ ಹೃದಯವಿಲ್ಲ. ನಾನು ಚಾಡಿ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಅವರೇ ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. "ಎದಿಯಾಗ ಇರೋದು ಪಂಪು. ಹೊಲದಾಗ ನೀರು ಎತ್ತತದಲ್ಲ, ಹಂಗ ರಕ್ತ ಎತ್ತತದ, ಅಷ್ಟ. ಪ್ರೀತಿ, ಸಿಟ್ಟು, ಅಂಜಿಕಿ ಎಲ್ಲಾ ಇರೋದು ಇಲ್ಲಿ, ಮ್ಯಾಲಿನ ಮಾಳಿಗ್ಯಾಗ" ಎಂದು ತಲೆ ತಟ್ಟಿ ತೋರಿಸುತ್ತಾರೆ. ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನೌಕರಿ ಮುಗಿಯಿತೇ ಹೊರತು ಪಾಠ ಮುಗಿಯಲಿಲ್ಲ. ಶಾಲೆಯ ಮಕ್ಕಳಿಗಾದರೂ ಗಂಟೆ ಬಾರಿಸಿದರೆ ಬಿಡುಗಡೆಯಿತ್ತು. ನೆಂಟರಾದ ನಮಗೆ ಅದೂ ಇಲ್ಲ.

ಅವರ ಕೈಗೆ ಸಿಕ್ಕರೆ ಯಾವ ಭಾವನೆಗೂ ಮರ್ಯಾದೆ ಉಳಿಯುವುದಿಲ್ಲ. ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಬರುವ ಸಿಟ್ಟನ್ನು ಅವರು ಸಿಟ್ಟೆಂದೇ ಒಪ್ಪುವುದಿಲ್ಲ. ಅದು ಬಿಸಿಲಂತೆ! ಮೈ ಕಾದಿದ್ದಕ್ಕೆ ಮೆದುಳು ಯಾರನ್ನೋ ಹೊಣೆ ಮಾಡುತ್ತದಂತೆ! ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಕೊರಳಪಟ್ಟಿ ಹಿಡಿದು ನಿಂತಿದ್ದರು. ಮಾವ ನಡುವೆ ನುಗ್ಗಿ, ಇಬ್ಬರಿಗೂ ತಣ್ಣೀರು ಕುಡಿಸಿ, ಸಿಟ್ಟು ಹುಟ್ಟುವ ಬಗೆಯನ್ನು ವಿವರಿಸತೊಡಗಿದರು. ಅವರಿಬ್ಬರೂ ನೀರು ಕುಡಿದು ಸುಧಾರಿಸಿಕೊಂಡು, ಕೂಡಿಯೇ ಇವರ ಮೇಲೆ ತಿರುಗಿಬಿದ್ದರು. ನಾನು ಬಿಡಿಸಿಕೊಂಡು ಬಂದೆ. "ಅವರಿಬ್ಬರ ನಡುವಿನ ಸಿಟ್ಟು ಇಳೀತಲ್ಲ, ನೋಡಿದಿ?" ಎಂದರು ಮಾವ, ನೆಲದ ಮೇಲೆ ಅಂಗಿಯ ಗುಂಡಿ ಹುಡುಕುತ್ತ.

ನನಗೆ ಹೆಣ್ಣು ನೋಡಲು ದೇವದುರ್ಗಕ್ಕೆ ಹೋದಾಗಲೂ ಅವರೇ ಮುಂದಾಳು. ಹುಡುಗಿ ಬಂದಳು, ಚಹಾ ಕೊಟ್ಟಳು, ಒಳಗೆ ಹೋದಳು. ಮನಸ್ಸಿಗೆ ಬಂದಳೇ ಎಂದು ಹಿರಿಯರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾವ ಎಲ್ಲರ ಎದುರು ನನ್ನ ಮುಂಗೈ ಹಿಡಿದು ನಾಡಿ ನೋಡಿದರು. "ಜೋರಾಗಿ ಓಡಾಕತ್ತದ. ಆದ್ರ ಇದು ಹುಡುಗೀದಲ್ರಿ, ಬಸ್ಸಿಂದು" ಎಂದು ಘೋಷಿಸಿದರು. ಬಸ್ಸಿನವನು ದಾರಿಯುದ್ದಕ್ಕೂ ನಮ್ಮನ್ನು ಎತ್ತಿ ಹಾಕಿದ್ದು ನಿಜವೇ. ಮೈ ಅಂಜಿ ನಡುಗುತ್ತಿರುವಾಗ ಎದುರಿಗೆ ಯಾರು ಬಂದರೂ ಮೆದುಳು ಅದನ್ನು ಪ್ರೀತಿ ಎಂದು ತಿಳಿದುಬಿಡುತ್ತದೆಂದೂ, ಹುಡುಗ ತಣ್ಣಗಾಗಲಿ, ಇನ್ನೊಮ್ಮೆ ತೋರಿಸಿರೆಂದೂ ಅಪ್ಪಣೆಯಾಯಿತು. ಹುಡುಗಿಯ ತಂದೆಯ ಮುಖ ನೋಡಬೇಕಿತ್ತು! ಪುಣ್ಯಕ್ಕೆ ಅವರು ಒಪ್ಪಿದರು. ಮತ್ತೆ ಹುಡುಗಿ, ಮತ್ತೆ ಚಹಾ, ಮತ್ತೆ ನಾಡಿ. "ಹಂಗಾರ ಖರೇನ ಅದ" ಎಂದು ತೀರ್ಪು ಬಂತು. ಆ ಹುಡುಗಿ ಈಗ ನನ್ನ ಹೆಂಡತಿ. ಎರಡನೆಯ ಸಲ ನಾಡಿ ಓಡಿದ್ದು ಬಾಗಿಲಲ್ಲಿ ನಿಂತ ಅವಳ ಅಣ್ಣ ನನ್ನನ್ನು ನೋಡುತ್ತಿದ್ದ ರೀತಿಗೆ ಎಂದು ನಾನು ಇಂದಿಗೂ ಮನೆಯಲ್ಲಿ ಹೇಳಿಲ್ಲ.

ಇಂಥವರ ಜೊತೆ ನಮ್ಮ ಅತ್ತೆ ಹೇಗೆ ಬಾಳಿದರು ಎನ್ನುತ್ತೀರಾ? ನಗದೇ ಬಾಳಿದರು. ಮಾವನ ಮಾತಿಗೆ ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದರೆ ಅತ್ತೆ ಮುಖ ಅಲುಗಿಸದೆ ರೊಟ್ಟಿ ಬಡಿಯುತ್ತಿದ್ದರು. ಹೃದಯ ಪಂಪಾದರೆ ತನ್ನನ್ನು ಮೆಚ್ಚಿದ್ದು ಯಾವುದು ಎಂದು ಒಮ್ಮೆ ಕೇಳಿದರು. ಮೆದುಳು ಎಂದರು ಮಾವ. "ಅದು ನಿಮಗ ಅದ ಅಂತ ಯಾರು ಹೇಳ್ಯಾರ?" ಎಂದು ಅತ್ತೆ ರೊಟ್ಟಿ ತಿರುವಿ ಹಾಕಿದರು. ಆಗಲೂ ಅವರು ನಗಲಿಲ್ಲ. ತರಗತಿ ತರಗತಿಗಳನ್ನೇ ನಗಿಸಿದ ತನಗೆ ಈಕೆಯೊಬ್ಬಳನ್ನು ನಗಿಸಲಾಗಲಿಲ್ಲ ಎಂಬುದೊಂದೇ ಮಾವನ ಜೀವಮಾನದ ಕೊರಗು.

ಹೋದ ವರ್ಷ ಅತ್ತೆಗೆ ಲಕ್ವಾ ಹೊಡೆಯಿತು. ರಾಯಚೂರಿನ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಬಿದ್ದಿತ್ತು, ಮಾತು ಹೋಗಿತ್ತು. ಬದಲಿಗೆ ನಗು ಬಂದಿತ್ತು! ಯಾರಾದರೂ ಒಳಗೆ ಬಂದರೆ ಸಾಕು, ಮೈ ಕುಲುಕಿ ನಗುವುದು. ನಗುವಿಗೆ ಕಡಿವಾಣ ಹಾಕುವ ಮೆದುಳಿನ ನರಕ್ಕೆ ಪೆಟ್ಟಾಗಿದೆ, ಸಣ್ಣ ನೆಪ ಸಿಕ್ಕರೂ ಉಕ್ಕುತ್ತದೆ, ಸಂತೋಷಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ಜೀವನವಿಡೀ ಇದನ್ನೇ ಹೇಳಿಕೊಂಡು ಬಂದ ಮಾವ ಸುಮ್ಮನೆ ತಲೆಯಾಡಿಸಿದರು.

ನಮ್ಮ ಕಡೆ ಜಡ್ಡಾದವರನ್ನು ಮಾತಾಡಿಸಲು ಬರುವ ಹೆಂಗಸರು ಹೊಸ್ತಿಲಿನಿಂದಲೇ ಅಳು ಶುರು ಮಾಡಿ, ಅಪ್ಪಿಕೊಂಡು ಮುಗಿಸುವುದು ರೂಢಿ. ದೇವದುರ್ಗದ ಹತ್ತಿರದ ಜಾಲಹಳ್ಳಿಯಿಂದ ಅತ್ತೆಯ ಅಕ್ಕ ಹಾಗೇ ಅಳುತ್ತ ಬಂದರು. ಅತ್ತೆ ಘೊಳ್ಳನೆ ನಕ್ಕರು. ಅಕ್ಕ ಅಳು ನಿಲ್ಲಿಸಿದರು. ತಪ್ಪಿ ಕೇಳಿಸಿತೇನೋ ಎಂದು ಮತ್ತೆ ಅತ್ತರು. ಅತ್ತೆ ಮತ್ತೆ ನಕ್ಕರು. ಅಕ್ಕ ಕಣ್ಣೊರೆಸಿಕೊಂಡು ಮೊದಲು ಮುನಿಸಿಕೊಂಡರು, ಆಮೇಲೆ ಏನೋ ಗಾಳಿ ಸೋಕಿದೆಯೆಂದು ತೀರ್ಮಾನಿಸಿ ತಾಯತ ತರಿಸಿದರು. ಅಂದಿನಿಂದ ಮಾವ ಬಾಗಿಲಲ್ಲೇ ನಿಂತು ಬಂದವರನ್ನು ತಯಾರು ಮಾಡಿ ಒಳಗೆ ಬಿಡತೊಡಗಿದರು. "ಅದು ನಗು ಅಲ್ರಿ, ನರ. ಮನಸಿಗೆ ಹಚ್ಕೋಬ್ಯಾಡ್ರಿ." ತಾಯತವನ್ನು ಮಾತ್ರ ಬಿಚ್ಚಲಿಲ್ಲ.

ಮೊನ್ನೆ ನಾನು ಮಾನ್ವಿಗೆ ಹೋಗಿದ್ದೆ. ನನ್ನನ್ನು ಕಂಡು ಅತ್ತೆ ನಕ್ಕರು, ಹಾಲಿನವನನ್ನು ಕಂಡೂ ನಕ್ಕರು, ಆಮೇಲೆ ಗೋಡೆ ನೋಡುತ್ತ ಸುಮ್ಮನಾದರು. ಅಷ್ಟರಲ್ಲಿ ಮಾವ ಸಂತೆಯಿಂದ ಬಂದರು. ಮತ್ತೆ ನಗು. ಮಾವ ಕೈಚೀಲ ಹಿಡಿದುಕೊಂಡೇ, ಆ ನಗು ಪೂರ್ತಿ ಇಳಿಯುವವರೆಗೆ ನಿಂತರು. ಆಮೇಲೆ ಚೀಲದೊಳಗೆ ಇಣುಕಿ, ಕೊತ್ತಂಬರಿ ಮರೆತೆ ಎಂದು ಹೊರಟರು. ಕೊತ್ತಂಬರಿ ಬಂತು, ನಗು ಬಂತು. ಇನ್ನೇನೋ ಮರೆತರು. ವಯಸ್ಸಾಯಿತು, ಮೆದುಳು ಇವರಿಗೂ ಕೈಕೊಡುತ್ತಿದೆ ಎಂದು ಗಾಬರಿಯಾಗಿ ನಾನು ಹಿಂದೆಯೇ ಹೋದೆ. ಮಾವ ಸಂತೆಗೆ ಹೋಗಿರಲಿಲ್ಲ. ಮನೆಯೆದುರಿನ ಬೇವಿನ ಗಿಡದ ಕೆಳಗೆ ಸುಮ್ಮನೆ ನಿಂತಿದ್ದರು.

"ಏನ್ ಮರ್ತಿರಿ ಮಾಮಾ?"

"ಏನೂ ಮರ್ತಿಲ್ಲ ಅಳಿಯಾ." ಮನೆಯ ಬಾಗಿಲ ಕಡೆ ಕಣ್ಣು ಹಾಯಿಸಿದರು. "ನರ ಅಂತ ನನಗ ಗೊತ್ತದ. ಊರಿಗೆಲ್ಲಾ ನಾನ ಹೇಳೀನಿ. ಆದ್ರ ನಾ ಒಳಗ ಕುಂತ್ರ ಆಕಿ ನಗಂಗಿಲ್ಲ. ಹೊರಗಿಂದ ಬಂದ್ರ ನಗತಾಳ. ಅದಕ್ಕ ಹೊರಗ ಬರಬೇಕಾಗತದ."

ಇಷ್ಟು ಹೇಳಿ ತಲೆಗೂದಲು ಸವರಿಕೊಂಡರು, ಅಂಗಿ ಜಗ್ಗಿ ಸರಿಮಾಡಿಕೊಂಡರು, ಹೆಣ್ಣು ನೋಡಲು ಹೊರಟ ಹುಡುಗನ ಹಾಗೆ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಒಮ್ಮೆ ಕೆಮ್ಮಿ, ಒಳಗೆ ಹೋದರು. ಒಳಗಿನಿಂದ ಅತ್ತೆಯ ನಗು ಕೇಳಿಸಿತು.

ನಾನು ಅಲ್ಲೇ ಉಳಿದೆ. ನನಗೆ ದುಃಖ ಉಕ್ಕಿ ಬಂದಿತ್ತು, ಕಣ್ಣು ತುಂಬಿದ್ದವು. ಮಾವನ ಹಾಗೆ ಹೊಣೆಯನ್ನು ಬಿಸಿಲಿನ ಮೇಲೆ ಹಾಕೋಣವೆಂದರೆ, ನಾನು ನಿಂತಿದ್ದು ಬೇವಿನ ನೆರಳಿನಲ್ಲಿ.