ಕೆರಿಯಪ್ಪನ ಕೆಂಪು ನೆಲ

ಆ ಗಂಡಹೆಂಡಿರ ಸುದ್ದಿ ದ್ಯಾವಮ್ಮನ ಕಿವಿಗೆ ಮೊದಲು ಬಿದ್ದದ್ದು ಬೇಲಿಯ ಆಚೆಯಿಂದ. ಪಕ್ಕದ ಮನೆಯ ಶಮ್ಸುನ್ನಿಸಾ ಬಟ್ಟೆ ಹರವುತ್ತ, "ದ್ಯಾವಮ್ಮಾ, ನಿನ್ನ ಮನೆಗೆ ಬಾಡಿಗೆ ಜನ ಸಿಕ್ರು. ಹಾವೇರಿ ಕಡೆಯವ್ರು. ಗಂಡ ಸತೀಶ ಅಂತ, ಬಸ್ ಕಂಡಕ್ಟರ್ರು. ಹೆಂಡ್ತಿ ಚೇತನಾ, ಬಾಳ ಮೆದು" ಎಂದಳು.

"ಮೆದು ಇದ್ರೆ ಎಂತ ಮಾಡದು? ಗೋಡೆಗೆ ಮೊಳೆ ಹೊಡಿತ್ರಾ ಕೇಳು!"

ಯಲ್ಲಾಪುರ ಪೇಟೆಯ ಅಂಚಿನ ಆ ಮನೆಯ ಹಿಂದಿನ ಕೋಣೆಯಲ್ಲಿ ದ್ಯಾವಮ್ಮ, ಮುಂದಿನದು ಬಾಡಿಗೆಗೆ. ಆದರೆ ಅವಳ ಸಕಲ ಸಾಮ್ರಾಜ್ಯ ಇದ್ದದ್ದು ಮುಂದಿನ ನಡುಮನೆಯ ಕೆಂಪು ನೆಲದಲ್ಲಿ. ಅವಳ ಗಂಡ, ಗಾರೆ ಕೆಲಸದ ಕೆರಿಯಪ್ಪ, ಇಡಗುಂದಿಯಿಂದ ಮಾಗೋಡಿನವರೆಗೆ ಊರವರಿಗೆಲ್ಲ ನೆಲ ಹಾಕಿಕೊಟ್ಟು, ತನಗಾಗಿ ಹಾಕಿಕೊಂಡದ್ದು ಇದೊಂದೇ. ಮಂಡಿಯೂರಿ ಕೂತು ಹೊಳೆಗಲ್ಲಿನಿಂದ ತಿಕ್ಕಿ ತಿಕ್ಕಿ, ಮುಖ ಕಾಣುವಷ್ಟು ನುಣುಪು ಮಾಡಿದ್ದ. (ಹೆಂಡತಿಯ ಮುಖ ನೋಡಿ ಎರಡು ಮಾತಾಡಿದವನಲ್ಲ. ನೆಲದಲ್ಲಿ ನೋಡಿಕೊಳ್ಳುತ್ತಿದ್ದನೋ ಏನೋ.) ಅವನು ಹೋದ ಮೇಲೆ ಇದ್ದೊಂದು ಫೋಟೋವನ್ನು ಗೆದ್ದಲು ತಿಂದಿತು. ಉಳಿದದ್ದು ನೆಲ.

ಒಕ್ಕಲು ಬರುವ ದಿನ ಚೇತನಾ, "ಹಾಲು ಗ್ಯಾಸಿನ ಮ್ಯಾಲೆ ಉಕ್ಕಸ್ತೀವ್ರಿ ಅಮ್ಮಾ" ಎಂದಳು.

"ಸಿಲಿಂಡರ್ ಬೆಂಕಿಗೆ ಲಕ್ಷ್ಮಿ ಬತ್ತಾಳಾ? ನಡುಮನೆ ಮಧ್ಯ ಮೂರು ಇಟ್ಟಿಗೆ ಇಟ್ಟು ಕಟ್ಟಿಗೆ ಹಚ್ಚಿ. ಇದು ನನ್ನ ಮನೆ, ನನ್ನ ಪದ್ಧತಿ."

ಇಟ್ಟಿಗೆಯನ್ನು ಶಮ್ಸುನ್ನಿಸಾಳ ಹಿತ್ತಲಿಂದ ತಾನೇ ಹೊತ್ತು ತಂದು ಹೊಸಿಲ ಮೇಲಿಟ್ಟಳು. ಅಲ್ಲಿಂದ ಮುಂದೆ ಹೋಗಲಿಲ್ಲ. ಗಂಡ ಸತ್ತವಳ ಕಣ್ಣು ಉಕ್ಕುವ ಹಾಲಿನ ಮೇಲೆ ಬೀಳಬಾರದು. ಎರಡನೇ ಕ್ಲಾಸಿನ ಪಾಠವೆಲ್ಲ ಮರೆತಿದ್ದರೂ ಊರು ಕಲಿಸಿದ ಈ ಪಾಠ ಮರೆತಿರಲಿಲ್ಲ. ಜಗುಲಿಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ನಿಂತಳು. ಬಾಯಿಗೆ ಮಾತ್ರ ಯಾವ ಊರೂ ಬೀಗ ಹಾಕಿರಲಿಲ್ಲ.

ಒಳಗೆ 'ಠಪ್' ಎಂದಿತು.

"ಅಮ್ಮಾ, ಏನೋ ಸಿಡೀತ್ರಿ!" ಸತೀಶನ ಕೂಗು.

"ಕಟ್ಟಿಗೆ ಸಿಡಿದ್ರೆ ಶುಭ! ಇನ್ನೆರಡು ತುರುಕು!"

ತುರುಕಿದರು. ಮತ್ತೆ 'ಠಪ್'.

"ಶುಭದ ಮೇಲೆ ಶುಭ" ಎಂದಳು ದ್ಯಾವಮ್ಮ, ಎದುರಿಗಿದ್ದ ತುಳಸಿಕಟ್ಟೆಗೆ.

ನಾಲ್ಕು ದಿನ ಬಿಟ್ಟು ಒಳಗೆ ಹೋಗಿ ನೋಡಿದರೆ, ನೆಲದ ನಟ್ಟನಡುವೆ ಎಣ್ಣೆ ಬಣ್ಣದ ತಾವರೆ! ಅಕ್ಕಿ ಗೇರುವ ಗೆರಸಿಯಷ್ಟು ಅಗಲ, ಗುಲಾಬಿ ಎಸಳು, ಸುತ್ತ ಹಸಿರೆಲೆ.

"ಎಂತದೇ ಇದು?"

"ರಂಗೋಲಿರೀ ಅಮ್ಮಾ" ಎಂದು ಚೇತನಾ ತಲೆ ತಗ್ಗಿಸಿದಳು. "ದಿನಾ ಹಾಕೂದು ತಪ್ಪತೈತಿ..."

ಅಂದಿನಿಂದ ದ್ಯಾವಮ್ಮ ಆ ಹೊಸಿಲು ತುಳಿಯಲಿಲ್ಲ. ಚೇತನಾ ಹಬ್ಬಕ್ಕೆ ಕೊಟ್ಟ ಹೋಳಿಗೆಯನ್ನು ತಿಂದಳು, ಆದರೆ ಬೈಯುತ್ತ ತಿಂದಳು. ಸಂತೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ ಒಂದೇ ಪುರಾಣ: "ನನ್ನ ಗಂಡನ ಬೆನ್ನಿಗೆ ಹಚ್ಚೆ ಹೊಯ್ದ್ರು ಮಾರಾಯ್ತಿ!"

ಕೊನೆಗೊಂದು ದಿನ ಆ ದಂಪತಿಗಳು ಶಿರಸಿಯಲ್ಲಿ ಪುಟ್ಟದೊಂದು ಮನೆ ಕಟ್ಟಿಕೊಂಡು ಹೊರಟರು. ಟೆಂಪೋಗೆ ಸಾಮಾನು ತುಂಬುತ್ತಿರುವಾಗ ದ್ಯಾವಮ್ಮನ ದಂಡಯಾತ್ರೆ ನಡುಮನೆಗೆ ಬಂತು. ಒಂದು ಕೈಯಲ್ಲಿ ಸೀಮೆಎಣ್ಣೆ, ಇನ್ನೊಂದರಲ್ಲಿ ಮೊಂಡು ಕತ್ತಿ, ಹಿಂದೆ ಸಾಕ್ಷಿಗೆ ಶಮ್ಸುನ್ನಿಸಾ.

"ನೋಡು, ಹೆಂಗೆ ಹಾಳು ಮಾಡಿದ್ರು ಅಂತ ಕಣ್ಣಾರೆ ನೋಡು!"

ಚೇತನಾ ಓಡಿ ಬಂದು ಕೈ ಹಿಡಿದಳು. "ಬ್ಯಾಡ್ರಿ ಅಮ್ಮಾ. ಅದನ್ನ ಹಂಗ ಇರಗೊಡ್ರಿ. ಕಾಲಿಗೆ ಬೀಳ್ತೀನ್ರಿ."

"ಕಳ್ಳನ ಮನಸ್ಸು ಹುಳ್ಳುಹುಳ್ಳಗೆ! ಬಿಡೇ ಕೈ!"

ಸೀಮೆಎಣ್ಣೆ ಸುರಿದು ಕೆರೆದಳು. ಗುಲಾಬಿ ಬಣ್ಣ ಎದ್ದಿತು, ಅದರಡಿಯ ಬಿಳಿ ಸಿಮೆಂಟಿನ ತೇಪೆ ಎದ್ದಿತು. ಅದರಡಿ ಸಿಡಿದು ಚಕ್ಕೆ ಹಾರಿದ ಕುಳಿ, ಮಸಿ ಹಿಡಿದ ಬಿರುಕು, ಸುತ್ತ ಮೂರು ಕಡೆ ಚೌಕ ಚೌಕ ಗುರುತು.

ಶಮ್ಸುನ್ನಿಸಾ ಬಗ್ಗಿ ನೋಡಿದಳು. "ಅರೇ, ಇದು ನಮ್ಮನೆ ಇಟ್ಟಿಗೆ ಅಳತೆ ಅಲ್ವಾ! ಸಾಕ್ಷಿ ಹೇಳು ಅಂದಿದ್ಯಲ್ಲ ದ್ಯಾವಮ್ಮಾ, ಈಗ ಹೇಳ್ಲಾ?"

"ಬಾಯಿ ಮುಚ್ಚೇ!"

ದ್ಯಾವಮ್ಮ ಕುಳಿಯ ಸುತ್ತ ಬೆರಳಾಡಿಸಿದಳು. ಕೆರಿಯಪ್ಪ ಅಷ್ಟು ತಿಕ್ಕಿದ್ದ ಜಾಗ ಬಾಣಲೆಯ ತಳದಂತೆ ತರಿತರಿಯಾಗಿತ್ತು.

"ಹೇಳಾಕೆ ಎಂತಾಗಿತ್ತೇ ನಿಂಗೆ?" ಎಂದಳು ಕಡೆಗೆ.

"ನಾವು ಮನಿ ನೋಡಾಕ ಬಂದ ದಿನ ನೀವು ಆ ನೆಲಾ ಸವರಿ 'ಇವ್ರೇ ನಮ್ಮ ಯಜಮಾನ್ರು' ಅಂದಿದ್ರಿ. ಯಜಮಾನ್ರು ಸುಟ್ಟುಹೋದ್ರು ಅಂತ ಹೆಂಗ ಹೇಳೂದ್ರಿ?"

ದ್ಯಾವಮ್ಮ ಕತ್ತಿ ಕೆಳಗಿಟ್ಟಳು. (ಹುಟ್ಟಿದಾಗಿನಿಂದ ಇದೇ ಮೊದಲು, ಎಂದು ಶಮ್ಸುನ್ನಿಸಾ ಆಮೇಲೆ ಬೀದಿಗೆಲ್ಲ ಹೇಳಿದಳು.)

ಟೆಂಪೋ ಹೊರಟಿತು. ಹೊರಟದ್ದು ನಿಂತಿತು. ಚೇತನಾ ಇಳಿದು ಬಂದಳು.

"ಅಮ್ಮಾ, ಶುಕ್ರವಾರ ಹೊಸ ಮನ್ಯಾಗ ಹಾಲು ಉಕ್ಕಸ್ತೀವಿ. ನೀವು ಬರಾಕಬೇಕು. ಹೊರಗ ಬೆನ್ನು ಮಾಡಿ ನಿಲ್ಲಂಗಿಲ್ಲ. ಒಳಗ ಬಂದು ನಿಮ್ಮ ಕೈಯಾರ ಒಲಿ ಹಚ್ಚಿ, ಹಾಲು ಉಕ್ಕೂತನಕಾ ನೋಡ್ಬೇಕು."

"ನಾನಾ? ಹಂಗೆಲ್ಲ ಆಗದಿಲ್ಲ ಮಾರಾಯ್ತಿ..." ದ್ಯಾವಮ್ಮ ಕಣ್ಣೊರೆಸಿಕೊಂಡಳು. ಕೈಗೆಲ್ಲ ಸೀಮೆಎಣ್ಣೆ ಮೆತ್ತಿತ್ತು; ಕಣ್ಣು ಉರಿದು ಮತ್ತಷ್ಟು ನೀರು ಸುರಿಯಿತು.

ಚೇತನಾ ತನ್ನ ಸೆರಗಿನಿಂದ ಅದನ್ನು ಒರೆಸಿ, ಕಿವಿಯ ಹತ್ತಿರ ಬಗ್ಗಿದಳು.

"ಇನ್ನೊಂದು ಕೇಳ್ತೀನ್ರಿ ಅಮ್ಮಾ, ಸಿಟ್ಟಾಗಬ್ಯಾಡ್ರಿ. ಬರುಮುಂದ ಇಟ್ಟಿಗಿ ತರಬ್ಯಾಡ್ರಿ."