ನಾಳೆ ದೇವರ ಪಾಳಿ

ನಮ್ಮ ಚಿಕ್ಕಮ್ಮನ ಕೈಗೆ ಸಿಕ್ಕಿಬಿದ್ದ ದೇವರ ಬಗ್ಗೆ ನನಗೆ ನಿಜಕ್ಕೂ ಕನಿಕರವಿದೆ. ಬೇರೆಯವರ ಮನೆಯಲ್ಲಿ ದೇವರಿಗೆ ಸ್ತೋತ್ರ, ಮಂಗಳಾರತಿ. ಅಟ್ಟೂರಿನ ಅವಳ ಬಾಡಿಗೆ ಮನೆಯಲ್ಲಿ ಬೆಳಗಾದರೆ ತರಾಟೆ! "ನೋಡ್ತಾ ಕೂತಿದ್ದೀಯಲ್ಲಪ್ಪಾ, ನಲ್ಲೀಲಿ ನೀರ್ ಬಂದಿಲ್ಲ, ಕಾಣಿಸ್ತಿಲ್ವಾ?" ಎಂದು ಅಡುಗೆಮನೆಯ ದೇವರ ಗೂಡಿನತ್ತ ಅವಳು ಕೂಗುತ್ತಿದ್ದರೆ, ಪಕ್ಕದ ಮನೆಗೆ ಹೊಸದಾಗಿ ಬಂದವರು ಬೈಸಿಕೊಳ್ಳುತ್ತಿರುವುದು ಚಿಕ್ಕಪ್ಪನೇ ಎಂದುಕೊಂಡು, ಬೀದಿಯಲ್ಲಿ ಸಿಕ್ಕಾಗ ಅವರಿಗೆ ಸಮಾಧಾನ ಹೇಳುತ್ತಿದ್ದರು. ಚಿಕ್ಕಪ್ಪ ಅದನ್ನು ತಿದ್ದುವ ಗೋಜಿಗೆ ಹೋಗಲಿಲ್ಲ. ಪುಕ್ಕಟೆ ಸಿಗುವ ಕನಿಕರವನ್ನು ಯಾರು ಬೇಡ ಅಂತಾರೆ?

ಚಿಕ್ಕಪ್ಪ ಶಾಲೆ ಮಕ್ಕಳ ವ್ಯಾನ್ ಓಡಿಸುತ್ತಿದ್ದರು. ಕೊರೊನಾ ಬಂದು ಶಾಲೆಗಳು ಮುಚ್ಚಿದವು. ವ್ಯಾನ್ ಮನೆ ಮುಂದೆ ನಿಂತಿತು. ಅದರ ಕೆಳಗೆ ಬೆಕ್ಕು ಮರಿ ಹಾಕಿತು. ಬಿ.ಇಡಿ. ಓದಲೆಂದು ಅಲ್ಲಿದ್ದ ನಾನೂ ಅವರ ಜೊತೆಗೇ ಉಳಿದೆ. ತಿನ್ನುವುದರಲ್ಲಿ ನಾನೇನೂ ಹಿಂದೆ ಬೀಳಲಿಲ್ಲ. ಅಡುಗೆಮನೆಯ ಡಬ್ಬಗಳು ಒಂದೊಂದಾಗಿ ಖಾಲಿಯಾದವು.

ಕೊನೆಗೆ ಅಕ್ಕಿ ಡಬ್ಬದ ತಳವೂ ಕಂಡಿತು. ಚಿಕ್ಕಮ್ಮ ಏನು ಮಾಡಿದಳು ಹೇಳಿ? ಇದ್ದಷ್ಟೂ ಅಕ್ಕಿಯನ್ನು ಬೇಯಿಸಿ, ಎದುರಿನ ಅರೆಬರೆ ಕಟ್ಟಡದಲ್ಲಿ ಸಿಕ್ಕಿಹಾಕಿಕೊಂಡಿದ್ದ ಗಾರೆ ಕೆಲಸದ ಗಂಡ ಹೆಂಡತಿಗೆ ಮೊದಲು ಕೊಟ್ಟು ಬಂದಳು!

"ಲೇ, ನಾಳೆಗೆ?" ಚಿಕ್ಕಪ್ಪ ಕಂಗಾಲು.

"ಇವತ್ತಿಂದು ನನ್ ಪಾಳಿ. ನಾಳೇದು ಅವಂದು."

"ಅವನಿಗೆ ಹೇಳಿದ್ದೀಯಾ?"

"ಹೇಳೋದೇನು? ಮನೇಲೇ ಇದ್ದಾನಲ್ಲ!"

ಮಾರನೆಯ ದಿನ ಮಧ್ಯಾಹ್ನವಾದರೂ ದೇವರು ಡ್ಯೂಟಿಗೆ ಬರಲಿಲ್ಲ. ಚಿಕ್ಕಮ್ಮ ಪಾತ್ರೆಗೆ ನೀರು ಹಾಕಿ ಒಲೆ ಹೊತ್ತಿಸಿದಳು.

"ಏನ್ ಚಿಕ್ಕಮ್ಮ, ಬರೀ ನೀರಿನ ಊಟನಾ?"

"ಎಸರು ಕಾಯೋಷ್ಟರಲ್ಲಿ ಅಕ್ಕಿ ಬರುತ್ತೆ, ಸುಮ್ನಿರೇ."

ಬಂದದ್ದು ಒಂದು ಟೆಂಪೋ. ವ್ಯಾನಿನಲ್ಲಿ ಹೋಗುತ್ತಿದ್ದ ಹುಡುಗಿಯೊಬ್ಬಳ ತಾತ ಚಿಕ್ಕಜಾಲದ ಕಡೆಯ ರೈತರು. ಕೊಳ್ಳುವವರಿಲ್ಲದೆ ಹೊಲದಲ್ಲೇ ಉಳಿದ ಬೆಳೆಯನ್ನು ಪರಿಚಯದವರಿಗೆಲ್ಲ ಹಂಚುತ್ತಾ ಹೊರಟಿದ್ದರು. "ನಮ್ ಮಗೀನ ಜೋಪಾನವಾಗಿ ಕರ್ಕೊಂಡೋಯ್ತಿದ್ರಲ್ಲ, ತಗಳಿ" ಎಂದು ಮೂಟೆ ಮೂಟೆ ಇಳಿಸಿದರು. ಬಿಚ್ಚಿ ನೋಡಿದರೆ ಎಲ್ಲವೂ ಎಲೆಕೋಸು!

ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟು ಗೂಡಿನತ್ತ ತಿರುಗಿದಳು. "ಕೊಡೋದ್ ಸರಿ, ಅದಕ್ಕೊಂದ್ ಅಳತೆ ಬೇಡ್ವೇನಪ್ಪಾ?"

ಬೈದುಕೊಂಡೇ ಬೀದಿಗೆಲ್ಲ ಕೋಸು ಹಂಚಿದಳು. ಹಿಂದಿನ ಮನೆಯ ಬೀಬಿ, ಕೋಸು ಹಾಕಿಕೊಟ್ಟಿದ್ದ ಪಾತ್ರೆಯ ತುಂಬ ಅಕ್ಕಿ ತಂದು, "ಖಾಲಿ ಪಾತ್ರೆ ಹೆಂಗೆ ವಾಪಸ್ ಕೊಡೋದು ಅಕ್ಕಾ?" ಎಂದರು. ಇನ್ನೊಬ್ಬರು ಬೇಳೆ ಕೊಟ್ಟರು. ಎಸರು ಇನ್ನೂ ಆರಿರಲಿಲ್ಲ! ಆಮೇಲೆ ಶುರುವಾಯಿತು ನೋಡಿ: ಕೋಸಿನ ಪಲ್ಯ, ಕೋಸಿನ ಸಾರು, ಕೋಸಿನ ರೊಟ್ಟಿ, ಕೋಸಿನ ವಡೆ. ಪಾಯಸಕ್ಕೂ ಕೈಹಾಕಿದವಳನ್ನು ಚಿಕ್ಕಪ್ಪ ಕೈಮುಗಿದು ತಡೆದರು.

ಹೀಗೇ ಇವಳ ಪಾಳಿ, ಅವನ ಪಾಳಿ ಎಂದು ದಿನಗಳು ಉರುಳಿದವು. ಅವನು ರಜಾ ಹಾಕಿದ್ದೂ ಉಂಟು. ಅಂಥ ದಿನ ಗಂಜಿ ಕುಡಿದು, ಅವನಿಗೆ ಬೀಳುವ ಬೈಗುಳ ಕೇಳುತ್ತಾ ಮಲಗುತ್ತಿದ್ದೆವು.

ಅಂತೂ ಶಾಲೆ ತೆರೆಯಿತು. ಚಿಕ್ಕಪ್ಪ ವ್ಯಾನ್ ತೊಳೆದು, ನಿಂಬೆಹಣ್ಣು ಇಟ್ಟು, ಹಾರ್ನ್ ಹೊಡೆಯುತ್ತಾ ಹೊರಟರು. ಚಿಕ್ಕಮ್ಮ ಗೇಟಿನವರೆಗೆ ಬಂದು ನಗುನಗುತ್ತಾ ಕೈಬೀಸಿದಳು. ವ್ಯಾನ್ ತಿರುವಿನಲ್ಲಿ ಮರೆಯಾದದ್ದೇ ತಡ, ಹೊಸಿಲ ಮೇಲೆ ಕುಸಿದು ಕೂತಳು.

"ಏನಾಯ್ತು ಚಿಕ್ಕಮ್ಮ?"

"ಏನಿಲ್ಲ ಕಣೇ. ಇಷ್ಟ್ ದಿನ ಹೆದರ್ಕೊಳ್ಳೋಕೆ ಪುರುಸೊತ್ತೇ ಸಿಕ್ಕಿರ್ಲಿಲ್ಲ."

ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ನಾನು ಪಕ್ಕದಲ್ಲಿ ಕೂತು ಏನೋ ಸಮಾಧಾನ ಹೇಳಹೊರಟರೆ, ಒದ್ದೆ ಕೈಯಿಂದ ನನ್ನ ಬಾಯಿ ಮುಚ್ಚಿ, ಅಡುಗೆಮನೆಯತ್ತ ಒಮ್ಮೆ ತಿರುಗಿ ನೋಡಿ ಪಿಸುಗುಟ್ಟಿದಳು:

"ಮೆಲ್ಲಗೆ ಮಾತಾಡೇ. ನಾನ್ ಹೆದರಿದ್ದೆ ಅಂತ ಗೊತ್ತಾದ್ರೆ ಅವನು ಬೇಜಾರ್ ಮಾಡ್ಕೊಳ್ತಾನೆ."